‘ಇನ್ನೊಮ್ಮಿ ಓದು’: ಕಾಗಿಣಾ ಸೀಮೆಯಲ್ಲಿ ಸತ್ಯವೇದದ ನಿಧಾನದ ಓದು

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದು, ಹೊಸ ವರ್ಷದ ವಾಗ್ದಾನ ವಚನದ ಚೀಟಿ ಕೈಗೆ ಬಂದ ಮೇಲೆ ಎಷ್ಟೋ ಸಭೆಗಳಲ್ಲಿ ಇನ್ನೊಂದು ಹಾಳೆಯನ್ನೂ ಹಂಚುತ್ತಾರೆ. ಒಂದು ವರ್ಷದಲ್ಲಿ ಇಡೀ ಸತ್ಯವೇದ ಓದಿ ಮುಗಿಸುವ ಪಟ್ಟಿ ಅದು. 66 ಪುಸ್ತಕ, 1,189 ಅಧ್ಯಾಯ. ದಿನಕ್ಕೆ ಮೂರಕ್ಕಿಂತ ಸ್ವಲ್ಪ ಹೆಚ್ಚು ಅಧ್ಯಾಯ ಓದಿದರೆ ಲೆಕ್ಕ ಸರಿಹೋಗುತ್ತದೆ. ಆದಿಕಾಂಡ ಕಥೆಯ ಓಟದಲ್ಲಿ ಮುಗಿಯುತ್ತದೆ. ವಿಮೋಚನಕಾಂಡದ ಅರ್ಧದವರೆಗೂ ಹುರುಪು ಇರುತ್ತದೆ. ಯಾಜಕಕಾಂಡದ ಬಲಿವಿಧಿಗಳ ನಡುವೆ ಇರುವಾಗ ಫೆಬ್ರುವರಿ ಬಂದಿರುತ್ತದೆ. ಬಹಳ ಮಂದಿಯ ಓದು ಅಲ್ಲಿಗೆ ನಿಲ್ಲುತ್ತದೆ. ನಿಲ್ಲಿಸಿದವರು ತಮ್ಮ ಭಕ್ತಿಯೇ ಕಡಿಮೆ ಎಂದುಕೊಂಡು ಒಳಗೊಳಗೇ ನೋಯುತ್ತಾರೆ.

ಇಡೀ ಸತ್ಯವೇದ ಓದುವುದು ಒಳ್ಳೆಯದೇ; ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಕ್ರೈಸ್ತ ಪರಂಪರೆಯಲ್ಲಿ ಇದಕ್ಕಿಂತ ಬಹಳ ಹಳೆಯದಾದ ಇನ್ನೊಂದು ಓದು ಇದೆ. ಅದರಲ್ಲಿ ಅಧ್ಯಾಯದ ಲೆಕ್ಕವಿಲ್ಲ. ಹತ್ತು ಹದಿನೈದು ವಚನ ಸಾಕು, ಕೆಲವು ದಿನ ಒಂದೇ ಸಾಲು ಸಾಕು. ಓದಿದ್ದನ್ನೇ ಮತ್ತೆ ಓದುವುದು, ಮನಸ್ಸಿಗೆ ತಾಕಿದ ಮಾತಿನ ಹತ್ತಿರ ನಿಲ್ಲುವುದು, ಆ ಮಾತು ಹಿಡಿದು ದೇವರ ಜೊತೆ ಮಾತಾಡುವುದು, ಆಮೇಲೆ ಮಾತು ಬಿಟ್ಟು ಸುಮ್ಮನೆ ಕೂರುವುದು. ಲ್ಯಾಟಿನ್ ಹೆಸರು ಲೆಕ್ಸಿಯೊ ದಿವಿನಾ. ನಮ್ಮ ಬಳಕೆಗೆ ಪ್ರಾರ್ಥನೆಯ ಓದು ಎಂದರೆ ಸಾಕು.

ಕಲಬುರಗಿ ಜಿಲ್ಲೆಯ ಕಾಗಿಣಾ ನದಿ ಸೀಮೆಯಲ್ಲಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಕ್ರೈಸ್ತರಿಗೆ ಈ ಹೆಸರು ಅಷ್ಟಾಗಿ ಪರಿಚಯವಿಲ್ಲ. ಕೇಳಿದವರೂ ಇದು ಮಠದಲ್ಲಿರುವ ಸನ್ಯಾಸಿಗಳಿಗೆ, ದೊಡ್ಡ ಓದು ಓದಿದವರಿಗೆ ಸೇರಿದ್ದು ಎಂದುಕೊಳ್ಳುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ತೀರಾ ವಿರುದ್ಧ. ಕಿವಿಯಿಂದ ಹುಟ್ಟಿದ ಈ ಓದು ಅಕ್ಷರ ಕಲಿಯುವ ಅವಕಾಶ ಸಿಗದ ಜನರಿಗೆ, ದುಡಿದು ದಣಿದು ಮನೆಗೆ ಬರುವ ಜನರಿಗೆ ಮೊದಲು ಸೇರಬೇಕು.

ಇದರ ಬೇರು ಎಲ್ಲಿದೆ ಎಂದು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಈಜಿಪ್ಟಿನ ಮರುಭೂಮಿಯ ಸಂತ ಅಂತೋನಿ ಕ್ರೈಸ್ತ ಸನ್ಯಾಸ ಜೀವನಕ್ಕೆ ಮೂಲಪುರುಷ ಎನಿಸಿಕೊಂಡವನು. ಮೂರನೇ ಶತಮಾನದಲ್ಲಿ ಹುಟ್ಟಿದ ಆತ ಶಾಲೆಯ ಓದು ಕಲಿತವನಲ್ಲ. ದೇವಾಲಯದಲ್ಲಿ ಓದಿದ್ದನ್ನು ಎಷ್ಟು ಗಮನವಿಟ್ಟು ಕೇಳುತ್ತಿದ್ದನೆಂದರೆ ಅವನ ನೆನಪೇ ಅವನಿಗೆ ಪುಸ್ತಕವಾಗಿತ್ತು ಎಂದು ಅವನ ಜೀವನ ಚರಿತ್ರೆ ಬರೆದ ಅಥನಾಸಿಯಸ್ ಹೇಳುತ್ತಾನೆ. ಒಂದು ದಿನ, ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂಬ ಯೇಸುವಿನ ಮಾತು ಸುವಾರ್ತೆಯಿಂದ ಕಿವಿಗೆ ಬಿತ್ತು. ಅಂತೋನಿ ಅದನ್ನು ತನಗೇ ಹೇಳಿದ ಮಾತೆಂದು ತೆಗೆದುಕೊಂಡ. ಹೊಲವನ್ನು ಬಿಟ್ಟುಕೊಟ್ಟ, ಇದ್ದಬದ್ದದ್ದನ್ನು ಮಾರಿ ಹಂಚಿದ. ಕಣ್ಣಿಂದ ಒಂದು ಪುಟವನ್ನೂ ಓದದೆ ಇಡೀ ಬದುಕು ಬದಲಾಯಿತು.

ಆರನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ತನ್ನ ಮಠದವರಿಗೆ 73 ಅಧ್ಯಾಯಗಳ ನಿಯಮಾವಳಿ ಬರೆದ. ಕಿವಿಗೊಡು ಎಂಬ ಕರೆಯಿಂದಲೇ ಅದು ಶುರುವಾಗುತ್ತದೆ. ಅದರ 48ನೇ ಅಧ್ಯಾಯದಲ್ಲಿ ದಿನವನ್ನು ಕೈಗೆಲಸಕ್ಕೂ ಪವಿತ್ರ ಓದಿಗೂ ಹಂಚಿಕೊಟ್ಟಿದ್ದಾನೆ. ಅಲ್ಲಿ ಒಂದು ಸಣ್ಣ ಸೂಚನೆ ಇದೆ: ಮಧ್ಯಾಹ್ನದ ಊಟದ ನಂತರ ಎಲ್ಲರೂ ಮಲಗಿರುವಾಗ ಯಾರಾದರೂ ಓದಲು ಬಯಸಿದರೆ ಬೇರೆಯವರ ನಿದ್ದೆಗೆ ತೊಂದರೆಯಾಗದಂತೆ ಓದಿಕೊಳ್ಳಲಿ ಎಂದು. ಆಗಿನವರ ಓದಿಗೆ ಸದ್ದಿತ್ತು ಎಂಬುದು ಈ ಒಂದು ಮಾತಿನಿಂದಲೇ ತಿಳಿಯುತ್ತದೆ. ತುಟಿ ಅಲ್ಲಾಡುತ್ತಿತ್ತು, ತನ್ನ ದನಿ ತನ್ನ ಕಿವಿಗೆ ಬೀಳುತ್ತಿತ್ತು, ಹಾಗೆ ಕೇಳಿದ್ದು ಬಾಯಿಪಾಠವಾಗಿ ಹೊಲದ ಕೆಲಸದಲ್ಲೂ ಜೊತೆಗಿರುತ್ತಿತ್ತು. ಹಸು ಮೇಯ್ದದ್ದನ್ನು ನೆರಳಲ್ಲಿ ಕೂತು ಮೆಲುಕು ಹಾಕುವುದಕ್ಕೆ ಇದನ್ನು ಹೋಲಿಸಿದ್ದೂ ಆ ಮಠದವರೇ.

ಈ ಓದಿಗೆ ಮೆಟ್ಟಿಲು ಕಟ್ಟಿಕೊಟ್ಟವನು 12ನೇ ಶತಮಾನದ ಎರಡನೇ ಗೀಗೊ, ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳಲ್ಲಿರುವ ಗ್ರ್ಯಾಂಡ್ ಷಾರ್ತ್ರೂಸ್ ಮಠದ ಹಿರಿಯ. ಒಬ್ಬ ಸಹೋದರನಿಗೆ ಬರೆದ ಪತ್ರದಲ್ಲಿ ಅವನು ನಾಲ್ಕು ಮೆಟ್ಟಿಲುಗಳನ್ನು ಹೇಳುತ್ತಾನೆ: ಓದು, ಮನನ, ಪ್ರಾರ್ಥನೆ, ಧ್ಯಾನ. ‘ಸನ್ಯಾಸಿಗಳ ಏಣಿ’ ಎಂದೇ ಆ ಪತ್ರ ಹೆಸರಾಯಿತು. ಈ ಆಲೋಚನೆ ಅವನಿಗೆ ಹೊಳೆದದ್ದು ಯಾವಾಗ ಎಂಬುದನ್ನು ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ, ಶಹಾಬಾದಿನ ಕಲ್ಲು ಗಣಿಯಲ್ಲಿ ದುಡಿಯುವವರು ತಿಳಿಯಬೇಕು. ಒಂದು ದಿನ ಕೈಕೆಲಸದಲ್ಲಿ ತೊಡಗಿದ್ದಾಗ ಇದು ಮನಸ್ಸಿಗೆ ಬಂತು ಎಂದು ಗೀಗೊ ಪತ್ರದ ಆರಂಭದಲ್ಲೇ ಬರೆದಿದ್ದಾನೆ.

ಇನ್ನು ನಮ್ಮ ಸೀಮೆಯ ಕಥೆ. ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿ ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಎರಡು ದಶಕ ಅದಕ್ಕಾಗಿ ಹೆಣಗಿದ್ದರು. ಬಳ್ಳಾರಿ ಬ್ರಿಟಿಷರ ಕೈಲಿತ್ತು. ನಮ್ಮ ತಾಲ್ಲೂಕುಗಳು ನಿಜಾಮರ ಆಳ್ವಿಕೆಯಲ್ಲಿದ್ದವು. ಆಡಳಿತವೂ ಮೇಲಿನ ಓದೂ ಮೊದಲು ಪಾರ್ಸಿಯಲ್ಲಿ, ಆಮೇಲೆ ಉರ್ದುವಿನಲ್ಲಿ. ಕನ್ನಡ ಶಾಲೆ ಎಲ್ಲೋ ಒಂದೊಂದು. 1871ರಲ್ಲಿ ಸೊಲ್ಲಾಪುರದ ಕಡೆಯಿಂದ ರಾಯಚೂರಿನವರೆಗೆ ರೈಲು ಹಳಿ ಬಂತು, 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ವಿಕಾರಾಬಾದ್ ಒಂದೇ ಹಳಿಯ ಮೇಲಿನ ಊರುಗಳಾದವು. ಆ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಮೆಥೋಡಿಸ್ಟ್ ಮಿಷನರಿಗಳು ಕಲಬುರಗಿ, ಬೀದರ್, ವಿಕಾರಾಬಾದ್ ಸುತ್ತಲಿನ ಹಳ್ಳಿಗಳಿಗೆ ಬಂದರು. ಇಂದಿಗೂ ಈ ಭಾಗದ ಕ್ರೈಸ್ತರಲ್ಲಿ ಮೆಥೋಡಿಸ್ಟರೇ ದೊಡ್ಡ ಬಳಗ. ಪ್ರತಿ ನವೆಂಬರಿನಲ್ಲಿ ವಿಕಾರಾಬಾದ್ ಹತ್ತಿರದ ಧಾರೂರಿನಲ್ಲಿ ನಡೆಯುವ ಮೆಥೋಡಿಸ್ಟ್ ಜಾತ್ರೆಗೆ ತೆಲಂಗಾಣದವರ ಜೊತೆ ಕರ್ನಾಟಕದವರೂ ಗಂಟುಮೂಟೆ ಕಟ್ಟಿಕೊಂಡು ಹೋಗುತ್ತಾರೆ.

ಈ ಸಭೆಗಳ ಬಹುಪಾಲು ಮನೆತನಗಳು ದಲಿತ ಕೇರಿಗಳಿಂದ ಬಂದವು. ಅವರ ಅಜ್ಜ ಮುತ್ತಜ್ಜರಿಗೆ ಅಕ್ಷರವನ್ನೇ ನಿರಾಕರಿಸಲಾಗಿತ್ತು. ಹಾಗಾಗಿ ಸತ್ಯವೇದ ಅವರಿಗೆ ಮೊದಲು ಬಂದದ್ದು ದನಿಯಾಗಿ. ಉಪದೇಶಿ ಓದಿದ್ದು, ಹಾಡಾಗಿ ಕಲಿತದ್ದು, ಕೂಟದಲ್ಲಿ ಹೇಳಿಕೊಟ್ಟದ್ದು, ಮಕ್ಕಳು ಶಾಲೆಗೆ ಹೋಗಿ ಬಂದು ಮನೆಯಲ್ಲಿ ಓದಿ ಹೇಳಿದ್ದು. 2011ರ ಜನಗಣತಿಯಲ್ಲಿ ಕೂಡ ರಾಜ್ಯದ ಸಾಕ್ಷರತೆ ಶೇ 75ರ ಆಸುಪಾಸಿನಲ್ಲಿದ್ದಾಗ ಕಲಬುರಗಿ ಜಿಲ್ಲೆಯದು ಶೇ 65ರ ಆಸುಪಾಸಿನಲ್ಲಿತ್ತು. ಹೆಣ್ಣುಮಕ್ಕಳದು ಇನ್ನೂ ಕಡಿಮೆ. ವಯಸ್ಸಾದ ಹೆಂಗಸರ ಮಾತಂತೂ ಕೇಳುವುದೇ ಬೇಡ.

ಈ ಹೆಂಗಸರು ಕೇಳುವ ರೀತಿಯನ್ನು ಗಮನಿಸಿ ನೋಡಬೇಕು. ರಾತ್ರಿ ಊಟವಾದ ಮೇಲೆ ಮನೆ ಪ್ರಾರ್ಥನೆಗೆ ಕೂರುತ್ತಾರೆ. ಶಾಲೆಗೆ ಹೋಗುವ ಮೊಮ್ಮಗ ಸತ್ಯವೇದ ತೆಗೆದು, ಬೇಗ ಮುಗಿಸಿ ಎದ್ದರಾಯಿತು ಎಂದು ದಡದಡ ಓದುತ್ತಾನೆ. ಸೆರಗು ತಲೆಯ ಮೇಲೆ ಹೊದ್ದು ಕೂತ ಅಜ್ಜಿ ನಡುವೆ ತಡೆಯುತ್ತಾಳೆ: “ಅವಸರ ಯಾಕ ಮಾಡ್ಲತ್ತಿ? ಇನ್ನೊಮ್ಮಿ ಓದು.” ಅವನು ಓದುತ್ತಾನೆ. ಅಜ್ಜಿ ಆ ಸಾಲಿನ ಕೊನೆಯ ಎರಡು ಪದವನ್ನು ತನ್ನೊಳಗೇ ಅಂದುಕೊಳ್ಳುತ್ತಾಳೆ, ಇನ್ನೊಂದು ಸಲ ಅಂದುಕೊಳ್ಳುತ್ತಾಳೆ, ಆಮೇಲೆ ಯಾರಿಗೂ ಕಾಯದೆ ಪ್ರಾರ್ಥನೆ ಶುರು ಮಾಡುತ್ತಾಳೆ. ಆ ಪ್ರಾರ್ಥನೆಯಲ್ಲಿ ಅದೇ ಪದಗಳು ಬರುತ್ತವೆ. ಜೊತೆಗೆ ಬಾಣಂತನಕ್ಕೆ ಬಂದ ಮಗಳು, ಪುಣೆಗೆ ದುಡಿಯಲು ಹೋದ ಮಗ, ತೊಗರಿಗೆ ಬಿದ್ದ ಹುಳ ಎಲ್ಲವೂ ಬರುತ್ತವೆ. ಕಡೆಗೆ ಆಮೆನ್ ಅಂದಮೇಲೂ ಸ್ವಲ್ಪ ಹೊತ್ತು ಕಣ್ಣು ತೆರೆಯುವುದಿಲ್ಲ. ಗೀಗೊ ಹೇಳಿದ ನಾಲ್ಕು ಮೆಟ್ಟಿಲನ್ನೂ ಆ ಅಜ್ಜಿ ಹತ್ತಿ ಇಳಿದಿದ್ದಾಳೆ. ಅವನ ಹೆಸರು ಅವಳಿಗೆ ಬೇಕಿಲ್ಲ.

ಮೆಥೋಡಿಸ್ಟರಿಗೆ ಇದು ಕಥೋಲಿಕರ ಪದ್ಧತಿ ಎಂಬ ಅಳುಕು ಇದ್ದರೆ ತಮ್ಮ ಮನೆಯ ಹಿರಿಯನನ್ನೇ ಕೇಳಬಹುದು. 1765ರಲ್ಲಿ ಜಾನ್ ವೆಸ್ಲಿ ಹಳೆಯ ಒಡಂಬಡಿಕೆಗೆ ಬರೆದ ಟಿಪ್ಪಣಿಗಳ ಮುನ್ನುಡಿಯಲ್ಲಿ ಓದುವ ಕ್ರಮವನ್ನು ಹೇಳಿದ್ದಾರೆ. ಬೆಳಿಗ್ಗೆ ಸಂಜೆ ಸ್ವಲ್ಪ ಸಮಯ ತೆಗೆದಿಡಿ; ಹಳೆಯದರಿಂದ ಒಂದು, ಹೊಸದರಿಂದ ಒಂದು ಅಧ್ಯಾಯ ಓದಿ; ಆಗದಿದ್ದರೆ ಒಂದೇ ಅಧ್ಯಾಯ, ಅದೂ ಆಗದಿದ್ದರೆ ಅದರ ಒಂದು ಭಾಗ. ದೇವರ ಚಿತ್ತ ತಿಳಿಯಬೇಕೆಂಬ ಒಂದೇ ಉದ್ದೇಶ ಇರಲಿ, ಓದುವ ಮೊದಲೂ ಆಮೇಲೂ ಪ್ರಾರ್ಥನೆ ಇರಲಿ, ನಡುನಡುವೆ ನಿಂತು ನಿಮ್ಮ ಮನಸ್ಸನ್ನೂ ನಡತೆಯನ್ನೂ ಪರೀಕ್ಷಿಸಿಕೊಳ್ಳಿ, ತಿಳಿದದ್ದನ್ನು ಕೂಡಲೇ ಜಾರಿಗೆ ತನ್ನಿ. ಅವರಿಗಿಂತ ಮೊದಲು 1535ರಲ್ಲಿ ಮಾರ್ಟಿನ್ ಲೂಥರ್ ತನ್ನ ಕ್ಷೌರಿಕ ಪೀಟರನಿಗಾಗಿ ಒಂದು ಚಿಕ್ಕ ಪುಸ್ತಕ ಬರೆದ. ಪ್ರಾರ್ಥನೆ ಹೇಗೆ ಮಾಡಲಿ ಎಂದು ಕೇಳಿದವನಿಗೆ ಕೊಟ್ಟ ಉತ್ತರ ಅದು. ವೇದವಾಕ್ಯವೊಂದನ್ನು ಹಿಡಿದು ಅದರಿಂದ ಕಲಿಯುವುದು, ಅದಕ್ಕಾಗಿ ಸ್ತೋತ್ರ ಹೇಳುವುದು, ಅದರ ಮುಂದೆ ತಪ್ಪು ಒಪ್ಪಿಕೊಳ್ಳುವುದು, ಅದನ್ನೇ ಬೇಡಿಕೆಯಾಗಿಸುವುದು. ಕ್ಷೌರದ ಕತ್ತಿ ಹಿಡಿದು ಹೊಟ್ಟೆ ಹೊರೆಯುತ್ತಿದ್ದವನಿಗೆ ಹೇಳಿಕೊಟ್ಟ ವಿಧಾನ ತೊಗರಿ ಕೊಯ್ಯುವವನಿಗೆ ಕಷ್ಟವಾಗಲಾರದು.

ಕಥೋಲಿಕ ಧರ್ಮಸಭೆಯಲ್ಲಿ ಸಾಮಾನ್ಯ ವಿಶ್ವಾಸಿಗಳ ಕೈಗೆ ಈ ಓದು ಮತ್ತೆ ಬಂದದ್ದು ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ. 1965ರಲ್ಲಿ ದೈವವಾಕ್ಯದ ಬಗ್ಗೆ ಆ ಸಭೆ ಹೊರಡಿಸಿದ ದಸ್ತಾವೇಜು, ಪ್ರಾರ್ಥನೆ ಜೊತೆಗಿಲ್ಲದೆ ಧರ್ಮಗ್ರಂಥದ ಓದು ಆಗಬಾರದು ಎಂದಿತು. 2010ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ನಾಲ್ಕು ಮೆಟ್ಟಿಲುಗಳನ್ನು ವಿವರಿಸಿ, ಓದು ಕ್ರಿಯೆಗೆ ಇಳಿಯುವವರೆಗೆ ಪೂರ್ತಿಯಾಗುವುದಿಲ್ಲ ಎಂದೂ ಸೇರಿಸಿದರು. ಕರ್ನಾಟಕದಲ್ಲಿ ಈ ಕೆಲಸಕ್ಕೆ ಬಲ ಕೊಟ್ಟದ್ದು ಬೆಂಗಳೂರಿನ ಎನ್‌ಬಿಸಿಎಲ್‌ಸಿ. ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ವಿಧಿಗಳ ಈ ರಾಷ್ಟ್ರೀಯ ಕೇಂದ್ರವನ್ನು 1967ರಲ್ಲಿ ಕಟ್ಟಿದ ಫಾದರ್ ಡಿ.ಎಸ್. ಅಮಲೋರ್ಪವದಾಸ್ ಮುಂದೆ ಮೈಸೂರಿಗೆ ಹೋಗಿ, ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಅಂಜಲಿ ಆಶ್ರಮ ತೆರೆದರು. ನೆಲದ ಮೇಲೆ ಕೂತು, ದೀಪ ಹಚ್ಚಿ, ಮೌನದಲ್ಲಿ ವಾಕ್ಯ ಕೇಳುವ ನಮ್ಮ ನೆಲದ ರೀತಿ ಅವರ ಬದುಕಿನ ದೊಡ್ಡ ಹಂಬಲವಾಗಿತ್ತು. ಬೆಂಗಳೂರಿನ ಮೈಸೂರು ರಸ್ತೆಯ ಆಶೀರ್ವನಂ ಮಠದಲ್ಲಿ ಬೆನೆಡಿಕ್ಟನ ನಿಯಮದಂತೆ ಬದುಕುವವರಿದ್ದಾರೆ. ಆದರೆ ಇವೆಲ್ಲ ನಮಗೆ ಒಂದು ರಾತ್ರಿಯ ರೈಲಿನಷ್ಟು ದೂರ. ಕಲಬುರಗಿಗೆ ಬೇರೆ ಧರ್ಮಪ್ರಾಂತ ಆದದ್ದೇ 2005ರಲ್ಲಿ, ಬಳ್ಳಾರಿಯಿಂದ ಬೇರೆಯಾಗಿ. ಇಲ್ಲಿನ ಧರ್ಮಕೇಂದ್ರಗಳು ಚಿಕ್ಕವು, ಶಾಲೆ ಮತ್ತು ಸಮಾಜಸೇವೆಯ ಕೆಲಸದ ಹೊರೆ ದೊಡ್ಡದು. ಧ್ಯಾನಕೂಟಕ್ಕೆ ರಜೆ ಹಾಕಿ ದೂರ ಹೋಗುವ ಅನುಕೂಲ ಗುತ್ತಿಗೆ ಕಾರ್ಮಿಕನಿಗೆ ಇಲ್ಲ. ಇಲ್ಲೇ, ಮನೆಯ ಕಲ್ಲುಹಾಸಿನ ಮೇಲೆ ಕೂತು ಮಾಡುವುದಾದರೆ ಮಾತ್ರ ಇದು ನಮ್ಮದಾಗುತ್ತದೆ.

ಹೇಗೆ ಮಾಡುವುದು? ಒಂದು ಭಾಗವನ್ನು ಹಿಡಿದು ನೋಡೋಣ. ರೂತಳ ಪುಸ್ತಕದ ಎರಡನೇ ಅಧ್ಯಾಯ, ಎಂಟನೇ ವಚನದಿಂದ ಹದಿನೆಂಟರವರೆಗೆ. ತೊಗರಿ ಕೊಯ್ಲಿನ ದಿನಗಳಾದರೆ ಇನ್ನೂ ಒಳ್ಳೆಯದು.

ಕಥೆ ಗೊತ್ತಿರುವುದೇ. ಗಂಡನನ್ನು ಕಳೆದುಕೊಂಡ ಮೋವಾಬಿನ ಹೆಣ್ಣುಮಗಳು ರೂತಳು ಅತ್ತೆ ನವೊಮಿಯ ಜೊತೆ ಬೆತ್ಲೆಹೇಮಿಗೆ ಬಂದಿದ್ದಾಳೆ. ಜವೆಗೋಧಿಯ ಸುಗ್ಗಿ. ಕೊಯ್ಯುವವರ ಹಿಂದೆ ಬಿದ್ದ ಹಕ್ಕಲು ತೆನೆ ಆಯಲು ಬೋವಜನ ಹೊಲಕ್ಕೆ ಹೋಗುತ್ತಾಳೆ. ಪರದೇಶಿ, ವಿಧವೆ, ಬಡವಿ. ಹೊಲದ ಯಜಮಾನ ಅವಳನ್ನು ನೋಡುತ್ತಾನೆ.

ಏಳೆಂಟು ಮಂದಿ ಕೂತಿದ್ದಾರೆ ಎಂದುಕೊಳ್ಳಿ. ಮೊದಲು ಫೋನುಗಳು ಪಕ್ಕಕ್ಕೆ ಹೋಗಲಿ. ಒಂದೆರಡು ನಿಮಿಷ ಉಸಿರು ಸಮಾಧಾನಕ್ಕೆ ಬರುವವರೆಗೆ ಸುಮ್ಮನಿದ್ದು, ಪವಿತ್ರಾತ್ಮನೇ ಕಲಿಸು ಎಂದು ಒಂದು ಸಣ್ಣ ಪ್ರಾರ್ಥನೆ. ಒಬ್ಬರು ಈ ಹನ್ನೊಂದು ವಚನಗಳನ್ನು ಗಟ್ಟಿಯಾಗಿ, ನಿಧಾನವಾಗಿ ಓದಲಿ. ಯಾರೂ ವಿವರಣೆ ಕೊಡುವುದು ಬೇಡ. ಸ್ವಲ್ಪ ಮೌನ. ಎರಡನೇ ಸಲ ಬೇರೆ ದನಿ ಓದಲಿ. ಗಂಡಸು ಓದಿದ್ದರೆ ಈಗ ಹೆಂಗಸು. ದನಿ ಬದಲಾದಾಗ ಬೇರೆ ಸಾಲು ಎದ್ದು ಕಾಣುತ್ತದೆ. ಆಮೇಲೆ ಪ್ರತಿಯೊಬ್ಬರೂ ತಮ್ಮನ್ನು ತಡೆದು ನಿಲ್ಲಿಸಿದ ಒಂದು ಮಾತನ್ನು ಮಾತ್ರ ಹೇಳಲಿ. ಯಾಕೆ ಎಂದು ಹೇಳಬೇಕಿಲ್ಲ. ಹೇಳಲು ಇಷ್ಟವಿಲ್ಲದವರು ಸುಮ್ಮನಿರಬಹುದು.

ಆ ವಚನಗಳಲ್ಲಿ ಏನೇನಿದೆ ನೋಡಿ. ಬೇರೆ ಹೊಲಕ್ಕೆ ಹೋಗಬೇಡ, ಇಲ್ಲೇ ಇರು ಎನ್ನುತ್ತಾನೆ ಬೋವಜ. ನಿನ್ನನ್ನು ಮುಟ್ಟಬಾರದೆಂದು ಆಳುಗಳಿಗೆ ಅಪ್ಪಣೆ ಮಾಡಿದ್ದೇನೆ ಎನ್ನುತ್ತಾನೆ. ಬಾಯಾರಿದರೆ ಆಳುಗಳು ತುಂಬಿಟ್ಟ ಪಾತ್ರೆಗಳಿಂದ ನೀರು ಕುಡಿ ಎನ್ನುತ್ತಾನೆ. ಊಟದ ಹೊತ್ತಿಗೆ ಹತ್ತಿರ ಕರೆದು, ಕೊಯ್ಯುವವರ ಪಕ್ಕದಲ್ಲೇ ಕೂರಿಸಿ, ತನ್ನ ಕೈಯಾರೆ ಹುರಿದ ಕಾಳು ಕೊಡುತ್ತಾನೆ. ಅವಳು ಹೊಟ್ಟೆ ತುಂಬ ತಿಂದು ಇನ್ನೂ ಮಿಗಿಸುತ್ತಾಳೆ. ಅವಳು ಎದ್ದು ಹೋದ ಮೇಲೆ ಬೋವಜ ಆಳುಗಳಿಗೆ, ಸಿವುಡುಗಳಿಂದಲೇ ಕೆಲವು ತೆನೆ ಎಳೆದು ಬೇಕೆಂದೇ ಬಿಡಿ, ಅವಳನ್ನು ಗದರಿಸಬೇಡಿ ಎನ್ನುತ್ತಾನೆ. ಸಂಜೆಯವರೆಗೆ ಆಯ್ದು ಬಡಿದ ಜವೆಗೋಧಿ, ಆಗಿನ ಅಳತೆಯಲ್ಲಿ, ಒಂದು ಏಫಾದಷ್ಟಾಗುತ್ತದೆ. ಮನೆಗೆ ಬಂದು, ತಾನು ಮಿಗಿಸಿ ತಂದದ್ದನ್ನು ಅತ್ತೆಗೆ ಕೊಡುತ್ತಾಳೆ.

ಬೆತ್ಲೆಹೇಮಿನ ಈ ಹೊಲ ಕಾಗಿಣಾ ದಂಡೆಯ ಯಾವ ಹಳ್ಳಿಗೂ ದೂರದ್ದಲ್ಲ. ಕೂಲಿಗೆ ಹೋಗುವ ಹೆಣ್ಣುಮಗಳನ್ನು ಆ ‘ಮುಟ್ಟಬಾರದು’ ಎಂಬ ಅಪ್ಪಣೆ ತಡೆದು ನಿಲ್ಲಿಸಬಹುದು. ಹೊಲದಲ್ಲಿ ತಾನು ಎದುರಿಸಿದ ನೋಟಗಳು ಅವಳಿಗೆ ನೆನಪಾದಾವು, ತನ್ನ ಪರ ಯಾರೂ ಅಂಥ ಅಪ್ಪಣೆ ಮಾಡಲಿಲ್ಲವಲ್ಲ ಎಂಬ ಅಳು ಬಂದೀತು. ಆ ಅಳುವೇ ಅವತ್ತಿನ ಅವಳ ಪ್ರಾರ್ಥನೆ. ಕೇರಿಯ ಹಿರಿಯನನ್ನು ನೀರಿನ ಪಾತ್ರೆ ಹಿಡಿದು ನಿಲ್ಲಿಸುತ್ತದೆ. ಯಾರದೋ ಪಾತ್ರೆಯ ನೀರು ಕುಡಿ ಎಂದು ಯಜಮಾನನೇ ಹೇಳುವ ಮಾತು, ಮೇಲಿಂದ ಬೊಗಸೆಗೆ ಹೊಯ್ದ ನೀರನ್ನು ಕುಡಿದ ತಲೆಮಾರಿಗೆ ಸಣ್ಣ ವಿವರವಾಗಿ ಕೇಳುವುದಿಲ್ಲ. ನಾಲ್ಕೆಕರೆ ಹೊಲ ಇದ್ದವನಿಗೆ, ಬೇಕೆಂದೇ ಬಿಟ್ಟ ತೆನೆ ಚುಚ್ಚುತ್ತದೆ. ಸೊಸೆಯಾಗಿ ಬಂದವಳಿಗೆ ಅತ್ತೆಗಾಗಿ ಮಿಗಿಸಿ ತಂದ ಊಟ. ಒಂದೇ ಭಾಗ, ಹನ್ನೊಂದೇ ವಚನ, ಕೂತವರೆಲ್ಲರನ್ನೂ ಅವರವರ ಬದುಕಿನ ಕಡೆಯಿಂದ ಬಂದು ಸೇರುತ್ತದೆ. ಪ್ರಸಂಗದಲ್ಲಿ ಒಬ್ಬರೇ ಹೇಳಿದರೆ ಇದರಲ್ಲಿ ಒಂದು ಮಾತ್ರ ಸಿಗುತ್ತಿತ್ತು.

ಮೂರನೇ ಸಲ ಓದಿ, ಈಗ ಆ ಮಾತು ಹಿಡಿದು ಪ್ರತಿಯೊಬ್ಬರೂ ದೇವರಿಗೆ ತಮ್ಮದೇ ಭಾಷೆಯಲ್ಲಿ ಹೇಳಿಕೊಳ್ಳಲಿ. ಕನ್ನಡವಾಗಲಿ, ತೆಲುಗಾಗಲಿ, ಚಿಂಚೋಳಿಯ ತಾಂಡಾದವರಾದರೆ ಲಂಬಾಣಿಯಾಗಲಿ. ಆಮೇಲೆ ಐದು ನಿಮಿಷ ಯಾವ ಮಾತೂ ಇಲ್ಲದೆ ಕೂತಿರಲಿ. ಇದೇ ಅತಿ ಕಷ್ಟದ ಭಾಗ. ನಮ್ಮ ಕೂಟಗಳಲ್ಲಿ ಮೌನ ಬಂದರೆ ಯಾರೋ ಪಲ್ಲವಿ ಎತ್ತುತ್ತಾರೆ, ಡೋಲಕ್ ಸದ್ದು ಮಾಡುತ್ತದೆ. ಹಾಡು, ಚಪ್ಪಾಳೆ, ಗಟ್ಟಿ ಪ್ರಾರ್ಥನೆ ನಮ್ಮ ಸಭೆಗಳ ಜೀವ. ಅದಿಲ್ಲದೆ ನಮ್ಮ ಜನ ಇಷ್ಟು ಕಷ್ಟ ದಾಟಿ ಬರುತ್ತಿರಲಿಲ್ಲ. ಆದರೂ ದೇವರಿಗೆ ಮಾತಾಡಲು ಒಂದಿಷ್ಟು ಜಾಗ ಬಿಡಬೇಕು.

ಇಲ್ಲಿ ಓದಿನ ಜೊತೆ ಅಧ್ಯಯನವೂ ಬೇಕು ಎಂಬುದನ್ನು ಮರೆಯಬಾರದು. ಬೋವಜ ಬಿಡಿಸಿದ ತೆನೆಯಲ್ಲಿ ಅವನ ಉದಾರತೆ ಇದೆ ನಿಜ. ಆದರೆ ಹಕ್ಕಲು ಆಯುವುದು ಬಡವರ ಹಕ್ಕು. ಹೊಲದ ಅಂಚಿನವರೆಗೂ ಕೊಯ್ಯಬೇಡಿ, ಹಕ್ಕಲನ್ನು ಬಡವರಿಗೂ ಪರದೇಶಿಗಳಿಗೂ ಬಿಡಿ ಎಂದು ಧರ್ಮಶಾಸ್ತ್ರ ಕಟ್ಟಳೆ ಮಾಡಿದೆ. ಆ ಕಟ್ಟಳೆ ಇರುವುದು ಯಾಜಕಕಾಂಡದ 19ನೇ ಅಧ್ಯಾಯದಲ್ಲಿ. ಇದು ತಿಳಿದಾಗ ರೂತಳು ಭಿಕ್ಷೆಗೆ ಹೋದವಳಾಗಿ ಕಾಣುವುದಿಲ್ಲ. ಒಂದು ಒಳ್ಳೆಯ ಟಿಪ್ಪಣಿಯ ಪುಸ್ತಕ, ತಿಳಿದ ಪಾಸ್ಟರ್ ಅಥವಾ ಸಿಸ್ಟರ್ ಕೂಟಕ್ಕೆ ಮೊದಲೇ ಐದು ನಿಮಿಷ ಹಿನ್ನೆಲೆ ಹೇಳಿದರೆ ಮನನ ದಾರಿ ತಪ್ಪುವುದಿಲ್ಲ.

ದಾರಿ ತಪ್ಪುವ ಅಪಾಯ ನಿಜಕ್ಕೂ ಇದೆ. ಮಗಳ ಮದುವೆ ಇಟ್ಟುಕೊಳ್ಳಲೋ ಬೇಡವೋ, ಬೋರ್ ಕೊರೆಸಲೋ ಬೇಡವೋ ಎಂದು ಕಣ್ಣು ಮುಚ್ಚಿ ಪುಟ ತೆಗೆದು, ಬೆರಳು ಬಿದ್ದ ವಚನವನ್ನೇ ಉತ್ತರವೆಂದು ತಿಳಿಯುವವರಿದ್ದಾರೆ. ಅದು ಶಕುನ ಕೇಳುವುದು. ಪ್ರಾರ್ಥನೆಯ ಓದಿಗೂ ಅದಕ್ಕೂ ಸಂಬಂಧವಿಲ್ಲ. ಹಾಗೆಯೇ, ದೇವರು ನನಗೆ ಈ ವಚನ ಕೊಟ್ಟರು ಎಂದು ಹೇಳಿ ಇನ್ನೊಬ್ಬರ ಮೇಲೆ ಅಧಿಕಾರ ನಡೆಸುವವರೂ ಇದ್ದಾರೆ. ಗಂಡನ ಹೊಡೆತ ತಾಳಲಾರದೆ ಬಂದ ಹೆಂಗಸಿಗೆ ಅಧೀನಳಾಗಿರು ಎಂಬ ಒಂದು ಸಾಲು ಕಿತ್ತು ಕೊಟ್ಟು ಮರಳಿ ಕಳಿಸುವುದು ಪಾಪ ಎಂದೇ ನಾನು ಹೇಳುತ್ತೇನೆ. ವಚನ ನನ್ನನ್ನು ತಿದ್ದಲು ಬಂದಿದೆ. ಪಕ್ಕದವರನ್ನು ಹೊಡೆಯಲು ಅಲ್ಲ. ಕೂಟದಲ್ಲಿ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ತಿದ್ದುಪಡಿ ಕೊಡಬಾರದು ಎಂಬ ನಿಯಮ ಇಟ್ಟುಕೊಳ್ಳಬೇಕಾದದ್ದು ಇದಕ್ಕಾಗಿಯೇ.

ಒಣ ದಿನಗಳೂ ಬರುತ್ತವೆ. ಮೂರು ಸಲ ಓದಿದರೂ ಏನೂ ತಾಕುವುದಿಲ್ಲ, ನಿದ್ದೆ ಬರುತ್ತದೆ, ಮನಸ್ಸು ಸಾಲದ ಕಂತಿನ ಕಡೆ ಹೋಗುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ನಿದ್ದೆ ಬಂದರೆ ಅದರಲ್ಲಿ ತಪ್ಪೇನಿದೆ? ಓದಿದ ಒಂದು ಸಾಲನ್ನು ಮನಸ್ಸಲ್ಲಿಟ್ಟುಕೊಂಡು ಮಲಗಲಿ. ಏನಾದರೂ ಅನುಭವ ಆಗಲೇಬೇಕು ಎಂಬ ಹಟ ಈ ಓದಿಗೆ ಒಳ್ಳೆಯದಲ್ಲ. ಕುರುಬರು ಬಂದು ಹೇಳಿದ ಮಾತುಗಳನ್ನೆಲ್ಲ ಮರಿಯಳು ಮನಸ್ಸಿನಲ್ಲಿಟ್ಟುಕೊಂಡು ಆಲೋಚಿಸುತ್ತಿದ್ದಳು ಎಂದು ಲೂಕನು ಬರೆದಿದ್ದಾನೆ. ಅರ್ಥವಾಯಿತು ಎಂದು ಬರೆದಿಲ್ಲ.

ನಮ್ಮ ನೆರೆಹೊರೆಯವರಿಗೂ ಇಂಥ ಓದು ಹೊಸದಲ್ಲ ಎಂಬುದು ನನಗೆ ಸಂತೋಷದ ವಿಷಯ. ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೇ ಶತಮಾನದಲ್ಲಿ ಮೂಡಿದ ‘ಕವಿರಾಜಮಾರ್ಗ’ ಈ ನಾಡಿನವರು ಪುಸ್ತಕ ಹಿಡಿದು ಕಲಿಯದೆಯೂ ಕಾವ್ಯದಲ್ಲಿ ನುರಿತವರು ಎಂದು ಹೆಮ್ಮೆಪಟ್ಟಿತು. ಅದೇ ಊರಿನ ಕಾಗಿಣಾ ದಂಡೆಯಲ್ಲಿ ದ್ವೈತ ವೇದಾಂತಿ ಜಯತೀರ್ಥರ ವೃಂದಾವನ ಇದೆ. ಕೇಳುವುದು, ಮನನ ಮಾಡುವುದು, ಮನಸ್ಸನ್ನು ಅಲ್ಲೇ ನೆಲೆಗೊಳಿಸುವುದು ಎಂಬ ಕ್ರಮವನ್ನು ವೇದಾಂತಿಗಳು ಬಹಳ ಹಿಂದಿನಿಂದ ಹೇಳಿದ್ದಾರೆ. ಜೈನರ ಸ್ವಾಧ್ಯಾಯ, ಮುಸ್ಲಿಂ ಮನೆಗಳಲ್ಲಿ ಬೆಳಗಿನ ಕುರಾನ್ ಪಠಣ, ಲಿಂಗಾಯತ ಮನೆಗಳ ವಚನ ಪಾರಾಯಣ, ಇವೆಲ್ಲ ಒಂದೇ ಓಣಿಯಲ್ಲಿ ಕೇಳಿ ಬರುವ ಊರುಗಳು ನಮ್ಮವು. ಇವೆಲ್ಲ ಒಂದೇ ಎಂದು ನಾನು ಹೇಳುವುದಿಲ್ಲ. ಕ್ರೈಸ್ತನಿಗೆ ಈ ಓದು ಯೇಸುವಿನ ಜೊತೆಗಿನ ಭೇಟಿ, ಅದಕ್ಕೆ ಬೇರೆ ಹೆಸರಿಲ್ಲ. ಆದರೆ ಪವಿತ್ರ ಮಾತಿನ ಮುಂದೆ ತಗ್ಗಿ ಕೂರುವವರ ನಡುವೆ ನಾವು ಬೆಳೆದಿದ್ದೇವೆ. ಮೌನಕ್ಕೆ ಕೂತ ಕ್ರೈಸ್ತನನ್ನು ಈ ಓಣಿಯಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ಓದು ಬಾರದವರಿಗೆ ಈಗ ಇನ್ನೊಂದು ಅನುಕೂಲ ಇದೆ. ಕನ್ನಡ ಸತ್ಯವೇದದ ಆಡಿಯೊ ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ. ಮೊಮ್ಮಗ ಹಾಸ್ಟೆಲಿಗೆ ಹೋದ ಮೇಲೆ ಅಜ್ಜಿಗೆ ಅದೇ ಜೊತೆ. ಹತ್ತು ವಚನ ಕೇಳಿ ನಿಲ್ಲಿಸುವುದು, ಮತ್ತೆ ಹಿಂದಕ್ಕೆ ಹೋಗಿ ಕೇಳುವುದು ಹೇಗೆಂದು ಮನೆಯ ಮಕ್ಕಳು ಒಮ್ಮೆ ತೋರಿಸಿಕೊಟ್ಟರೆ ಸಾಕು. ದಿನಾ ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಹೂವಿನ ಚಿತ್ರದ ಮೇಲೆ ಬಂದು ಬೀಳುವ ಇಪ್ಪತ್ತು ವಚನಗಳಿಗಿಂತ, ಹೀಗೆ ಎರಡು ಸಲ ಕೇಳಿದ ಒಂದು ವಚನ ಹೆಚ್ಚು ಕಾಲ ಉಳಿಯುತ್ತದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಪಾಸ್ಟರ್‌ಗಳಲ್ಲಿ, ಫಾದರ್‌ಗಳಲ್ಲಿ, ಸಿಸ್ಟರ್‌ಗಳಲ್ಲಿ ನನ್ನದೊಂದು ಕೋರಿಕೆ. ಭಾನುವಾರದ ಆರಾಧನೆಯಲ್ಲಿ ಅಂದಿನ ಪಾಠವನ್ನು ಒಮ್ಮೆ ಓದಿ ಪ್ರಸಂಗಕ್ಕೆ ಹೋಗಬೇಡಿ. ಎರಡು ಸಲ ಓದಿಸಿ, ನಡುವೆ ಒಂದು ನಿಮಿಷ ಮೌನ ಬಿಡಿ. ವಾರದಲ್ಲಿ ಒಂದು ಸಂಜೆ ಪ್ರಸಂಗವಿಲ್ಲದ ಕೂಟ ಇಟ್ಟು, ಅಕ್ಷರ ಬಾರದ ಹಿರಿಯ ಹೆಣ್ಣುಮಕ್ಕಳನ್ನು ಮುಂದೆ ಕೂರಿಸಿ, ಅವರಿಗೆ ಯಾವ ಮಾತು ತಾಕಿತು ಎಂದು ಮೊದಲು ಕೇಳಿ. ರೂತಳ ಪುಸ್ತಕದಿಂದಲೇ ಶುರು ಮಾಡಬಹುದು. ನಾಲ್ಕೇ ಅಧ್ಯಾಯ, 85 ವಚನ. ವಾರಕ್ಕೊಂದು ಸಂಜೆಯಂತೆ ಎರಡು ತಿಂಗಳಿಗೆ ಬರುತ್ತದೆ. ಮುಗಿಸಲೇಬೇಕೆಂಬ ಅವಸರ ಬೇಡ.